ಮೂರು ಸುತ್ತು ಬಜೆ

ಹಿಂದೂಪುರ
12 ಜೂನ್ 2024

ಕಲ್ಪನಾ,

ನಿನಗೂ ಅಳಿಯಂದಿರಿಗೂ ನನ್ನ ಪುಟ್ಟರಾಜ ಮುರಳಿಗೂ ಒಳ್ಳೆಯದಾಗಲಿ. ಇಲ್ಲಿ ನಾನು, ನಿಮ್ಮಪ್ಪ, ನಾಲ್ಕು ಮಗ್ಗ, ಎಲ್ಲರೂ ಇದ್ದೇವೆ. ಅವನು ಇಲ್ಲಿಂದ ನಿನ್ನ ಹತ್ತಿರ ಹೋದ ಮೇಲೆ ಮನೆಯಲ್ಲಿ ನನಗೆ ಕೆಲಸವೇ ಇಲ್ಲ ಎಂದು ನಿಮ್ಮಪ್ಪನಿಗೆ ಹೇಳಿದೆ. ಅವರು ತಕ್ಷಣ ನೂಲಿನ ಕಂಡಿಕೆ ಸುತ್ತುವ ಬುಟ್ಟಿ ತಂದು ಮುಂದಿಟ್ಟರು. ಇಂಥವರ ಮುಂದೆ ಬೇಜಾರು ಹೇಳಿಕೊಳ್ಳಬಾರದು.

ಈ ಕಾಲದಲ್ಲಿ ಕಾಗದ ಯಾಕಮ್ಮ ಎಂದು ನೀನು ಮೂಗು ಮುರಿಯುವುದು ಇಲ್ಲಿಂದಲೇ ಕಾಣುತ್ತದೆ. ಫೋನಿನಲ್ಲಿ ನಿನ್ನ ಮಾತು ನನಗೆ ಒಂದಕ್ಷರ ಕೇಳುವುದಿಲ್ಲ. ಮೂವತ್ತೈದು ವರ್ಷ ಪವರ್‌ಲೂಮ್ ಪಕ್ಕದಲ್ಲಿ ಕೂತ ಕಿವಿ ಇದು. ವಾಟ್ಸಾಪಿನಲ್ಲಿ ಬರೆದರೋ, ಆ ಫೋನು ಇರುವುದು ನಿಮ್ಮಪ್ಪನ ಜೇಬಿನಲ್ಲಿ. ಮಗಳು ತಾಯಿಗೆ ಬರೆದದ್ದನ್ನು ಮೊದಲು ಅವರು ಓದಿ, ಆಮೇಲೆ ಮಗ್ಗದ ಹುಡುಗರಿಗೆ ಓದಿ ಹೇಳಿ, ಎಲ್ಲರೂ ನಕ್ಕಾದ ಮೇಲೆ ನನ್ನ ಕೈಗೆ ಬರುತ್ತದೆ. ಅದಕ್ಕೇ ಈ ಕಾಗದ, ಪಾರ್ಸಲ್ಲಿನೊಳಗೆ.

ಪಾರ್ಸಲ್ಲಿನಲ್ಲಿ ಬಜೆ ಇದೆ, ಮುರಳಿಗೆ ಮಾತು ಬರಲೆಂದು. ಹಿತ್ತಲ ನಲ್ಲಿಯ ನೀರು ನಿಲ್ಲುವ ಕಡೆ ನಿನ್ನ ಅಜ್ಜಿ ನೆಟ್ಟ ಪಾತಿಯದೇ. ಹೋದ ವರ್ಷ ಮೊಳಕೆ ಇದ್ದ ತುಂಡುಗಳನ್ನು ಕೆಸರಿನಲ್ಲಿ ಹೂತಿದ್ದೆ. ಪುಷ್ಯದಲ್ಲಿ ಎಲೆಯ ತುದಿ ಹಳದಿಯಾದಾಗ ಕಿತ್ತು, ತೊಳೆದು, ಬೆರಳುದ್ದ ಕತ್ತರಿಸಿ, ಮಂಚದ ಕೆಳಗೆ ನೆರಳಿನಲ್ಲೇ ಒಣಗಿಸಿದ್ದೇನೆ. ಬಿಸಿಲಿಗೆ ಹಾಕಿದರೆ ವಾಸನೆ ಹಾರಿಹೋಗುತ್ತದೆ, ವಾಸನೆ ಹೋದ ಬಜೆ ಬರೀ ಕಡ್ಡಿ.

ಮಾಡುವುದು ಹೀಗೆ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಹರಳೆಣ್ಣೆಯ ದೀಪಕ್ಕೆ ಬೇರಿನ ತುದಿ ಹಿಡಿದು ಕಪ್ಪಾಗುವಷ್ಟು ಸುಡು. ಕಲ್ಲಿನ ಮೇಲೆ ನಾಲ್ಕು ಹನಿ ಜೇನು ಬಿಟ್ಟು ಬಲಕ್ಕೆ ಮೂರು ಸುತ್ತು ತೇಯ್. ಮೂರೇ. ಅದನ್ನು ಉಂಗುರದ ಬೆರಳಿನಿಂದ ತೆಗೆದು ಅವನ ನಾಲಿಗೆಗೆ ಸವರು. ಹೀಗೆ ಒಂದು ಮಂಡಲ, ನಲವತ್ತೆಂಟು ದಿನ. ಬಜೆ ಶುರು ಮಾಡಿದ ಮೇಲೆ ನಡುವೆ ಬೇರೆ ಔಷಧಿ ಮುಟ್ಟಿಸುವಂತಿಲ್ಲ, ಸೂಜಿಯೂ ಇಲ್ಲ. ಒಂದು ದಿನ ತಪ್ಪಿದರೂ ಮತ್ತೆ ಮೊದಲನೆಯ ದಿನದಿಂದ.

ಹಿತ್ತಲ ಗಿಡ ಮದ್ದಲ್ಲ ಎನ್ನುವವರೆಲ್ಲ ಮೊಮ್ಮಕ್ಕಳಾದಾಗ ನಮ್ಮ ಹಿತ್ತಲಿಗೇ ಬಂದಿದ್ದಾರೆ. ನಿನ್ನ ಕಥೆಯೇ ನೋಡು. ಮೂರು ವರ್ಷ ತುಂಬುವ ತನಕ ನೀನು ತುಟಿ ಬಿಚ್ಚಲಿಲ್ಲ. ಆಮೇಲೆ ಬೀದಿಯವರೆಲ್ಲ, "ಏಮ್ ಪದ್ಮಾವತಮ್ಮಾ, ವಸ ಎಕ್ಕುವ ಪೋಸಿನಾವಾ, ಪಿಲ್ಲ ವಸಪಿಟ್ಟ ಅಯ್ಯಿಂದಿ" ಎಂದು ನಗುವಂತಾಯಿತು. ಬಜೆ ಹೆಚ್ಚಾಗಿ ನೀನು ವಟಗುಟ್ಟುವ ಹಕ್ಕಿಯಾದೆ ಎಂದು ಅದರ ಅರ್ಥ, ಮರೆತಿದ್ದರೆ ಇರಲಿ ಎಂದು ಬರೆದೆ.

ಅವನಿಗೆ ಎರಡು ವರ್ಷ ಎರಡು ತಿಂಗಳು. ಗಂಡುಮಕ್ಕಳು ನಿಧಾನ. ನೀನು ವಾರ್ಡ್ ಸಚಿವಾಲಯದ ಕಂಪ್ಯೂಟರು ಕುಟ್ಟುವ ಅವಸರವನ್ನು ಮಗುವಿನ ಮೇಲೆ ತೋರಿಸಬೇಡ.

ನಿನ್ನ ಅಮ್ಮ,
ಪದ್ಮಾವತಮ್ಮ


ಕಲ್ಯಾಣದುರ್ಗ
5 ಜುಲೈ 2024

ಅಮ್ಮ,

ಪಾರ್ಸಲ್ ಬಂತು. ಡಬ್ಬ ಬಿಚ್ಚಿದರೆ ನಮ್ಮ ಹಿತ್ತಲೇ ಎದ್ದು ಬಂದ ಹಾಗಾಯಿತು. ಮುರಳಿ ಒಂದು ತುಂಡನ್ನು ಮೂಗಿಗೆ ಹಿಡಿದುಕೊಂಡು ಅರ್ಧ ದಿನ ಓಡಾಡಿದ. ಜುಲೈ ಒಂದರಿಂದ ಶುರು ಮಾಡಿದ್ದೇನೆ. ನನ್ನ ಬಳಿ ಕಲ್ಲು ಇಲ್ಲದ್ದರಿಂದ ಮನೆ ಓನರಮ್ಮನ ಗಂಧದ ಕಲ್ಲು ಕೇಳಿ ಇಟ್ಟುಕೊಂಡಿದ್ದೇನೆ. ಉಗುಳುತ್ತಾನೆ, ಮುಖ ಕಿವುಚುತ್ತಾನೆ, ಆದರೂ ಒಂದಿಷ್ಟು ಒಳಗೆ ಹೋಗುತ್ತದೆ.

ಅಮ್ಮ, ಅವನು ಅಲ್ಲಿದ್ದ ಹಾಗೆ ಇಲ್ಲಿಲ್ಲ. ಅಲ್ಲಿಗೆ ಎರಡನೇ ಶನಿವಾರ ಬಂದಾಗಲೆಲ್ಲ ಎಷ್ಟು ಚುರುಕಾಗಿದ್ದ! ನೀನು ಕಣ್ಣು ಹೊರಳಿಸಿದರೆ ಚೊಂಬು ತಂದುಕೊಡುತ್ತಿದ್ದ. ಇಲ್ಲಿ ನಾನು ಕರೆದರೆ ಬರುವುದಿಲ್ಲ. ಅಡುಗೆಮನೆಯಿಂದ ಹತ್ತು ಸಲ ಕೂಗುತ್ತೇನೆ. ಹೋಗಿ ನೋಡಿದರೆ ಬೆನ್ನು ಹಾಕಿ ಕೂತು ಫ್ಯಾನಿನ ನೆರಳು ನೋಡುತ್ತಿರುತ್ತಾನೆ. ಮುಟ್ಟಿದರೆ ಬೆಚ್ಚಿ ಬೀಳುತ್ತಾನೆ, ಹೊಡೆಯುತ್ತಾನೆ. ಇವರು, "ಅಜ್ಜಿ ಮುದ್ದು ಮಾಡಿ ಕೆಡಿಸಿದಾರೆ" ಎನ್ನುತ್ತಾರೆ. ನಾನು ಜಗಳ ಆಡಿದೆ. ಆಮೇಲೆ ಇರಬಹುದೇನೋ ಎಂದೂ ಅನ್ನಿಸಿತು. ಕ್ಷಮಿಸು.

ನಾನು ಆಫೀಸಿಗೆ ಹೋದಾಗ ನೋಡಿಕೊಳ್ಳಲು ಬೀರಕ್ಕ ಎಂಬುವರು ಬರುತ್ತಾರೆ. ಕಂಬದೂರು ಕಡೆಯವರು, ಕುರಿ ಮೇಯಿಸಿ ಬೆಳೆದವರು. ನಿನ್ನೆ ಅವರು ಒಂದು ಮಾತು ಹೇಳಿದರು. ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನಾಲ್ಗೆ ಅಲ್ಲ ಕಣಮ್ಮ, ಕಿವಿ ನೋಡ್ಸು. ಹಿಂದ್ಗಡೆಯಿಂದ ಕೂಗಿದ್ರೆ ತಿರುಗಾಕಿಲ್ಲ, ಮುಂದೆ ಬಂದು ನಿಂತ್ರೆ ಎಲ್ಲಾ ತಿಳೀತೈತೆ. ನಮ್ಮಟ್ಟೀಲಿ ಮರಿ ಕಿವುಡಾದ್ರೆ ಹಿಂಗೇ. ತಾಯಿ ಕೂಗಿದ್ರೆ ಬರಾಕಿಲ್ಲ, ವಾಸ್ನೆ ಬಡಿದ್ರೆ ಓಡ್ಬತ್ತೈತೆ."

ನನಗೆ ಸಿಟ್ಟು ಬಂತು. ಮಗುವನ್ನು ಕುರಿಮರಿಗೆ ಹೋಲಿಸುತ್ತೀರಾ ಎಂದು ಕೇಳಿಬಿಟ್ಟೆ. ರಾತ್ರಿ ಅವನು ಮಲಗಿದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ.

ಎರಡು ವರ್ಷದಲ್ಲಿ ಹೆಚ್ಚು ದಿನ ಅವನು ನಿನ್ನ ಜೊತೆ ಇದ್ದಾನೆ. ನೀನೇ ಹೇಳು. ಅವನಿಗೆ ಕಿವಿ ಕೇಳುತ್ತದೆ ತಾನೆ?

ಕಲ್ಪನಾ


ಹಿಂದೂಪುರ
11 ಜುಲೈ 2024

ಕಲ್ಪನಾ,

ಮುತ್ತಿನಂಥ ಮಗುವಿಗೆ ಇಲ್ಲದ ಹೆಸರು ಇಡುವುದಕ್ಕೆ ನಿನಗೆ ಬಾಯಾದರೂ ಹೇಗೆ ಬಂತು? ಕುರಿ ಕಾಯುವವರು ಡಾಕ್ಟರಾಗಿದ್ದು ಯಾವಾಗ?

ಕೇಳು. ಬೆಳಿಗ್ಗೆ ಮಗ್ಗ ಶುರುವಾದರೆ ಅವನು ಎಲ್ಲಿದ್ದರೂ ಎದ್ದು ಬರುತ್ತಿದ್ದ. ನಾನು ನೆಲಕ್ಕೆ ಕಾಲು ಬಡಿದರೆ ತಿರುಗುತ್ತಿದ್ದ. ಹೊರಗೆ ಹಾಲಿನ ಗಾಡಿ ಬಂದರೆ ನನಗಿಂತ ಮೊದಲು ಅವನು ಬಾಗಿಲಲ್ಲಿ. ಕೇಳದ ಮಗು ಇದನ್ನೆಲ್ಲ ಮಾಡುತ್ತದೆಯೆ? ತುಂಬಿದ ಕೊಡ ತುಳುಕುವುದಿಲ್ಲ. ಅವನೊಳಗೆ ಮಾತು ತುಂಬಿಕೊಂಡಿದೆ, ಬಾಯಿಗೆ ಬರಬೇಕು ಅಷ್ಟೇ.

ಈಗ ಆಸ್ಪತ್ರೆಗೆ ಓಡಬೇಡ. ಅವರು ಔಷಧಿ ಕೊಡುತ್ತಾರೆ, ಬಜೆ ಮುರಿಯುತ್ತದೆ. ಮಂಡಲ ಮುಗಿಯಲಿ, ಆಗಸ್ಟ್ ಹದಿನೇಳಕ್ಕೆ ಮುಗಿಯುತ್ತದೆ. ಆಮೇಲೆ ನಿನ್ನ ಇಷ್ಟ. ನಿಮ್ಮಪ್ಪನೂ, "ಏನೂ ಆಗಿಲ್ಲ ಕಣೆ, ಮಗ್ಗದ ಮನೆ ಮಕ್ಳು ಎಲ್ಲಾ ನಿಧಾನ್ವೇ" ಎಂದರು.

ಹಪ್ಪಳ ಕಳಿಸಿದ್ದೇನೆ. ಅವನಿಗೆ ಚಿಕ್ಕದು, ಅಳಿಯಂದಿರಿಗೆ ದೊಡ್ಡದು.

ಅಮ್ಮ


ಕಲ್ಯಾಣದುರ್ಗ
9 ಆಗಸ್ಟ್ 2024

ಅಮ್ಮ,

ಅಪ್ಪನಿಗೆ ಇವರು ಫೋನ್ ಮಾಡಿ ಹೇಳಿದ್ದಾರೆ, ನಿನಗೂ ತಿಳಿದಿರುತ್ತದೆ. ಈಗ ಭಯವಿಲ್ಲ. ನಿನ್ನೆ ಸಂಜೆ ಆಸ್ಪತ್ರೆಯಿಂದ ಮನೆಗೆ ಬಂದೆವು.

ಶ್ರಾವಣ ಬಂತೆಂದು ಓನರಮ್ಮ ಗಂಧದ ಕಲ್ಲು ವಾಪಸ್ ಕೇಳಿದರು. ಮಂಡಲ ತಪ್ಪಬಾರದಲ್ಲ ಎಂದು ಬಸ್ ಸ್ಟ್ಯಾಂಡಿನ ಹತ್ತಿರ ಕಲ್ಲು ಕೆತ್ತುವವರ ಬಳಿ ಹೊಸದೊಂದು ಕೊಂಡು ತಂದೆ. ಮಂಗಳವಾರ ಬೆಳಿಗ್ಗೆ ಅದರ ಮೇಲೆ ಮೂರು ಸುತ್ತು ತೇಯ್ದೆ. ಅವತ್ತು ಅವನು ಉಗುಳಲಿಲ್ಲ ಕೂಡ, ಪೂರ್ತಿ ನುಂಗಿದ. ನನಗೆ ಖುಷಿಯಾಯಿತು. ಗಂಟೆಯೊಳಗೆ ವಾಂತಿ. ನಿಲ್ಲಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕತ್ತು ನಿಲ್ಲದೆ ಬೀರಕ್ಕನ ಹೆಗಲ ಮೇಲೆ ಒರಗಿಬಿಟ್ಟಿದ್ದ. ಎರಡು ದಿನ ಗ್ಲೂಕೋಸ್ ಹಾಕಿದರು.

ಡಾಕ್ಟರು ಏನು ಕೊಟ್ಟಿರಿ ಎಂದು ಕೇಳಿದಾಗ ನಾನು ಮೊದಲು ಇಡ್ಲಿ ಎಂದೆ. ಬೀರಕ್ಕ ಪಕ್ಕದಲ್ಲೇ ಇದ್ದವರು, "ಸುಳ್ಳು ಯಾಕೆ ಹೇಳ್ತೀಯ ತಾಯಿ, ಬಜೆ ತೇಯ್ದು ಕೊಟ್ಟವ್ಳೆ ಸಾರ್" ಎಂದರು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಬಜೆ ಹೆಚ್ಚಾದರೆ ವಾಂತಿಯೇ ಆಗುವುದಂತೆ. ಯಾಕೆ ಕೊಟ್ಟಿರಿ ಎಂದರು. ಮಾತು ಬರಲೆಂದು ಎಂದೆ. ಅವರು ಎದ್ದು ಮುರಳಿಯ ಹಿಂದೆ ಹೋಗಿ, ಸ್ಟೀಲ್ ಟ್ರೇ ಮೇಲೆ ಕತ್ತರಿಯಿಂದ ಜೋರಾಗಿ ಹೊಡೆದರು. ಪಕ್ಕದ ಮಂಚದ ಕೂಸು ಅತ್ತಿತು. ಇವನು ನನ್ನ ಬಳೆಯನ್ನೇ ತಿರುಗಿಸುತ್ತಾ ಇದ್ದ.

ಅನಂತಪುರದಲ್ಲಿ ಕಿವಿ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. 27ಕ್ಕೆ ಹೋಗುತ್ತೇವೆ.

ಬಜೆ ನಿಲ್ಲಿಸಿದ್ದೇನೆ. ಮಂಡಲ ಮುರಿಯಿತು ಎಂದು ನೀನು ಬರೆಯಬೇಡ.

ಕಲ್ಪನಾ


ಹಿಂದೂಪುರ
14 ಆಗಸ್ಟ್ 2024

ಕಲ್ಪನಾ,

ತಪ್ಪು ನನ್ನದು. ನಿನ್ನದಲ್ಲ, ಬಜೆಯದೂ ಅಲ್ಲ.

ನನ್ನ ಕಲ್ಲು ಇದೆಯಲ್ಲ, ಅದು ನಮ್ಮತ್ತೆಯದು. ಅರವತ್ತು ವರ್ಷ ತೇಯ್ದು ತೇಯ್ದು ನಡುವೆ ಅಂಗೈ ಹಾಗೆ ಗುಳಿ ಬಿದ್ದು, ಗಾಜಿನಂತೆ ನುಣುಪಾಗಿದೆ. ಅದರ ಮೇಲೆ ಮೂರು ಸುತ್ತು ತೇಯ್ದರೆ ಜೇನಿನ ಬಣ್ಣ ಬದಲಾದರೆ ಹೆಚ್ಚು. ಗಂಧದ ಕಲ್ಲೂ ಸವೆದದ್ದೇ. ಹೊಸ ಕಲ್ಲು ಗರಗಸದಂತಿರುತ್ತದೆ, ಮೂರು ಸುತ್ತಿಗೆ ಕಾಲು ಬೇರನ್ನೇ ತಿಂದುಬಿಡುತ್ತದೆ. ಈ ಬೀದಿಯವರೆಲ್ಲ ಬಜೆಯನ್ನು ನನ್ನ ಮನೆಯಲ್ಲೇ, ನನ್ನ ಕಲ್ಲಿನ ಮೇಲೇ ತೇಯಿಸಿಕೊಂಡು ಹೋಗುತ್ತಿದ್ದರು. ಆದ್ದರಿಂದ ಸುತ್ತಿನ ಲೆಕ್ಕ ನನಗೆ ಬಾಯಿಪಾಠ ಇತ್ತು, ಕಲ್ಲಿನ ಮಾತು ತಲೆಗೇ ಹೊಳೆಯಲಿಲ್ಲ. ಅತ್ತೆ ನನಗೆ ಹೇಳಲಿಲ್ಲ, ನಾನು ನಿನಗೆ ಬರೆಯಲಿಲ್ಲ.

ಮಗುವಿನ ಕತ್ತು ನಿಲ್ಲಲಿಲ್ಲ ಎಂದು ಬರೆದಿದ್ದೀಯಲ್ಲ, ಆ ಸಾಲು ಓದಿದ ಮೇಲೆ ನನಗೆ ಅನ್ನ ಇಳಿದಿಲ್ಲ. ಈಗ ಹೇಗಿದ್ದಾನೆ? ಗಂಜಿ ಕುಡಿಯುತ್ತಾನೆಯೆ? ಮಜ್ಜಿಗೆಗೆ ಉಪ್ಪು ಹಾಕಿ ಕೊಡು. ನಾನೇ ಬಂದುಬಿಡುತ್ತೇನೆಂದರೆ ನಿಮ್ಮಪ್ಪ, ಪರೀಕ್ಷೆ ಮುಗೀಲಿ ಎನ್ನುತ್ತಾರೆ.

ಅಮ್ಮ


ಕಲ್ಯಾಣದುರ್ಗ
2 ಸೆಪ್ಟೆಂಬರ್ 2024

ಅಮ್ಮ,

ನಿನ್ನ ಕಾಗದದಲ್ಲಿ ಕಲ್ಲಿನ ವಿಷಯ ಒಂದು ಪುಟ ಇತ್ತು. ಕಿವಿಯ ವಿಷಯ ಒಂದು ಮಾತೂ ಇರಲಿಲ್ಲ.

ಪರೀಕ್ಷೆ ಆಯಿತು. ನಿದ್ದೆ ಬರಿಸಿ ತಲೆಗೆ ವೈರು ಅಂಟಿಸಿದರು. ಎರಡು ಕಿವಿಯೂ ತೀರಾ ಕಡಿಮೆ. ಪೂರ್ತಿ ಇಲ್ಲವೆಂದಲ್ಲ. ಹುಟ್ಟಿನಿಂದಲೇ ಇರಬಹುದು ಎಂದರು. ಮೆಷಿನ್ ಹಾಕಿದರೆ ಸದ್ದು ಒಳಗೆ ಹೋಗುತ್ತದಂತೆ, ಆದರೆ ಆ ಸದ್ದಿನಿಂದ ಮಾತು ಕಲಿಯುವುದಕ್ಕೆ ವಯಸ್ಸು ಎಂಬುದೊಂದಿದೆಯಂತೆ. ಒಂದು ವರ್ಷದೊಳಗೆ ತಂದಿದ್ದರೆ ಬೇರೆ ಮಾತು. ಎರಡಕ್ಕೆ ತಂದರೆ ಕಷ್ಟ ಪಡಬೇಕು. ಇನ್ನೂ ತಡವಾದರೆ ಕೈಬಿಟ್ಟ ಹಾಗೆ. ಒಂದೊಂದು ತಿಂಗಳೂ ಮುಖ್ಯ ಎಂದರು.

ಪರೀಕ್ಷೆ ಮಾಡಿದ ಮೇಡಂ ಒಳ್ಳೆಯವರು. ಬೈಯಲಿಲ್ಲ. "ಇಂಟ್ಲೋ ಎವರೂ ಗಮನಿಂಚಲೇದಾ ಅಮ್ಮಾ?" ಎಂದಷ್ಟೇ ಕೇಳಿದರು. ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದೇ ಇಲ್ಲ. ಮಗ್ಗದ ಸದ್ದಿನಲ್ಲಿ ಕರೆದರೆ ಯಾರಿಗೆ ಕೇಳಬೇಕು? ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ. ಎಳೆ ಕಡಿದರೆ ಎರಡು ಬೆರಳು ಕತ್ತರಿಯ ಹಾಗೆ. ಊಟಕ್ಕೆ ಐದು ಬೆರಳು ಕೂಡಿಸಿ ತೋರಿಸುತ್ತೇವೆ. ಬೆನ್ನು ಹಾಕಿದವರನ್ನು ಕರೆಯಬೇಕಾದರೆ ನೆಲಕ್ಕೆ ಕಾಲು ಬಡಿಯುತ್ತೇವೆ. ಇಂಥ ಮನೆಯಲ್ಲಿ ಮುರಳಿಗೆ ಯಾವುದೂ ಕಡಿಮೆಯಾಗಲಿಲ್ಲ. ಮಗ್ಗ ಶುರುವಾದರೆ ಎದ್ದು ಬರುತ್ತಿದ್ದ ಎಂದೆಯಲ್ಲ, ನೆಲ ಅದುರುತ್ತಿತ್ತು ಅಮ್ಮ. ಹಾಲಿನ ಗಾಡಿ ಬಂದರೆ ನೀವೆಲ್ಲ ಬಾಗಿಲ ಕಡೆ ನೋಡುತ್ತಿದ್ದಿರಿ, ಅವನು ನಿಮ್ಮ ಮುಖ ನೋಡುತ್ತಿದ್ದ. ನಾನು ತಿಂಗಳಿಗೆ ಎರಡು ದಿನ ಬಂದು, ಅದೇ ಸದ್ದಿನಲ್ಲಿ ಅವನನ್ನು ಎತ್ತಿ ಆಡಿಸಿ, ಅದೇ ಬೆರಳಾಡಿಸಿ ವಾಪಸ್ ಬಸ್ ಹತ್ತುತ್ತಿದ್ದೆ. ನನ್ನ ತಪ್ಪು ನನಗೆ ಕಾಣುತ್ತಿದೆ. ಮಂಡಲ ಮುಗಿಯಲಿ ಎಂದು ಕಾದವಳೂ ನಾನೇ.

ಆದರೆ ನೀನು ಮಗ್ಗ ನಿಂತ ಮೇಲೂ ಅವನ ಜೊತೆ ಇದ್ದವಳು. ಕರೆಂಟ್ ಹೋದಾಗ ಇದ್ದವಳು. ನಾನು ಜುಲೈನಲ್ಲಿ ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ, ಸಿಟ್ಟು ಬರೆದೆ. ಒಂದೇ ಪ್ರಶ್ನೆ ಮತ್ತೆ ಕೇಳುತ್ತೇನೆ. ನಿನಗೆ ಗೊತ್ತಿತ್ತಾ?

ಕಲ್ಪನಾ


ಹಿಂದೂಪುರ
10 ನವೆಂಬರ್ 2024

ಕಲ್ಪನಾ,

ಎರಡು ತಿಂಗಳಲ್ಲಿ ಐದು ಸಲ ಬರೆದು ಹರಿದಿದ್ದೇನೆ. ದೀಪಾವಳಿಗೆ ನೀವು ಬರಲಿಲ್ಲ. ಬರುತ್ತೀರೇನೋ ಎಂದು ಬಾಗಿಲಲ್ಲಿ ಕೂತಿದ್ದೆ, ಬಾರದಿದ್ದರೆ ಒಳ್ಳೆಯದು ಎಂದೂ ಅನ್ನಿಸುತ್ತಿತ್ತು. ಎದುರಿಗೆ ಕೂತು ಇದನ್ನು ಹೇಳಲು ನನ್ನಿಂದ ಆಗುವುದಿಲ್ಲ.

ಗೊತ್ತಿತ್ತು.

ಹೋದ ವರ್ಷ ಜೂನ್ ತಿಂಗಳು. ಅವನಿಗೆ ಹದಿನಾಲ್ಕು ತಿಂಗಳು. ಮಧ್ಯಾಹ್ನ ಕರೆಂಟ್ ಹೋಗಿ ನಾಲ್ಕು ಮಗ್ಗವೂ ನಿಂತವು. ಎಲ್ಲರೂ ಬೀದಿಗೆ ಹೋದರು. ನಾನು ಅವನನ್ನು ಸೀರೆಯ ಜೋಲಿಯಲ್ಲಿ ಹಾಕಿ, ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿಸುತ್ತಿದ್ದೆ. ಕೈ ಜಾರಿತು. ನನ್ನ ಈ ಕಿವಿಗೇ ಧಡ್ ಎಂದು ಬಡಿಯಿತು ಎಂದರೆ ಎಂಥ ಸದ್ದು ಆಗಿರಬೇಕು ನೋಡು. ಅವನು ಜೋಲಿಯಲ್ಲಿ ಎಚ್ಚರವಾಗಿಯೇ ಇದ್ದ. ಕಾಲು ನೆಲಕ್ಕೆ ತಾಗಿರಲಿಲ್ಲ. ಗೋಡೆಯ ಮೇಲಿನ ಬಿಸಿಲು ನೋಡುತ್ತಾ ಇದ್ದ, ನೋಡುತ್ತಲೇ ಇದ್ದ. ರೆಪ್ಪೆ ಕೂಡ ಆಡಲಿಲ್ಲ.

ನಿಮ್ಮಪ್ಪ ಓಡಿ ಬಂದರು. "ಏನೇ ಅದು ಬಿದ್ದಿದ್ದು? ಮಗ ಹೆದ್ರಿಕೊಂಡ್ನಾ?" ಎಂದು ಕೇಳಿದ್ದು ಅವರ ತುಟಿಯಿಂದ ತಿಳಿಯಿತು. ನಾನು, "ಹೆದ್ರಿ ಅತ್ತ ಕಣ್ರೀ, ಈಗ ಸುಮ್ಕಾದ" ಎಂದುಬಿಟ್ಟೆ. ಯಾಕೆ ಹಾಗೆ ಹೇಳಿದೆನೋ. ಆ ಒಂದು ಮಾತು ಬಾಯಿಂದ ಹೋದ ಮೇಲೆ ಹಿಂದಕ್ಕೆ ಬರಲಿಲ್ಲ. ಮಾರನೆಯ ದಿನ ತಟ್ಟೆ ಬೀಳಿಸಿ ನೋಡಿದೆ. ಅದರ ಮಾರನೆಯ ದಿನವೂ ನೋಡಿದೆ.

ಆ ಆಷಾಢದಲ್ಲೇ ಪಾತಿಯನ್ನು ಎರಡರಷ್ಟು ದೊಡ್ಡದು ಮಾಡಿದ್ದು. ಇಷ್ಟು ಯಾಕೆ ಎಂದು ನಿಮ್ಮಪ್ಪ ಕೇಳಿದರು. ನಾಲಿಗೆ ತಿರುಗಿದರೆ ಕಿವಿಯೂ ತೆರೆದೀತು ಎಂದು ನಾನು ನನಗೇ ಹೇಳಿಕೊಂಡೆ. ದಿನಾ ಕೆಸರು ತುಳಿದು, ಕಳೆ ಕಿತ್ತು, ಒಂದೊಂದು ಬುಡಕ್ಕೂ ಕೈಮುಗಿದು ಬೆಳೆಸಿದೆ. ಅವನಿಗೆ ಇಲ್ಲಿಯೂ ತೇಯ್ದು ಕೊಟ್ಟೆ, ನಿನಗೆ ಹೇಳದೆ ಎರಡು ಮಂಡಲ. ಅದರಿಂದ ಏನೂ ಆಗಲಿಲ್ಲ. ಆದರೂ ನಿನಗೆ ಕಳಿಸಿದೆ. ಮೂರನೆಯದಕ್ಕಾದರೂ ಆದೀತು ಎಂದು.

ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀಯ. ಅಜ್ಜಿಯ ಕಿವಿ ಮೊಮ್ಮಗನಿಗೆ ಬಂತು ಎಂದು ನಿನ್ನ ಅತ್ತೆಮನೆಯವರು ನಿನ್ನನ್ನು ಅಂದಾರು ಎಂಬ ಹೆದರಿಕೆ ಇತ್ತು. ಇದನ್ನು ಬರೆದು ನಿಲ್ಲಿಸಿದರೆ ನಾನು ಒಳ್ಳೆಯವಳಾಗಿ ಉಳಿಯುತ್ತೇನೆ. ಆದರೆ ಅದು ಅರ್ಧ ನಿಜ.

ಉಳಿದರ್ಧ ಇದು. ಈ ಮನೆಯಲ್ಲಿ ನನ್ನ ಜೊತೆ ಯಾರೂ ಮಾತಾಡುವುದಿಲ್ಲ ಕಲ್ಪನಾ. ಕೆಲಸ ಹೇಳುತ್ತಾರೆ, ನೀರು, ಊಟ, ಎಳೆ, ಅಷ್ಟೇ. ಹಬ್ಬದಲ್ಲಿ ಎಲ್ಲರೂ ಸುತ್ತ ಕೂತು ನಗುವಾಗ ನಾನೂ ನಗುತ್ತೇನೆ. ಯಾವುದಕ್ಕೆ ಎಂದು ಕೇಳಿದರೆ, "ಏನಿಲ್ಲ ಬಿಡು" ಎನ್ನುತ್ತಾರೆ. ನೀನೂ ಅಂದಿದ್ದೀಯ. ಈ ಮಗು ಹಾಗೆ ಅನ್ನಲಿಲ್ಲ. ಅವನು ನನ್ನ ಮುಖ ಬಿಟ್ಟು ಬೇರೆ ಕಡೆ ನೋಡುತ್ತಿರಲಿಲ್ಲ. ನಾವಿಬ್ಬರೂ ದಿನವೆಲ್ಲ ಕೈಯಲ್ಲಿ ಮಾತಾಡುತ್ತಿದ್ದೆವು. ಇರುವೆ ಸಾಲು ಹೋಗುವುದು, ಕಾಗೆ ಹಪ್ಪಳ ಕದ್ದದ್ದು, ನಿಮ್ಮಪ್ಪ ಗೊರಕೆ ಹೊಡೆಯುವುದು, ಎಲ್ಲಕ್ಕೂ ನಮ್ಮಲ್ಲಿ ಮಾತಿತ್ತು. ಡಾಕ್ಟರಿಗೆ ತೋರಿಸಿದರೆ ಅವನನ್ನು ಸರಿ ಮಾಡಿಬಿಡುತ್ತಾರೆ ಎಂದು ನನಗೆ ಹೆದರಿಕೆಯಾಯಿತು. ಹೆತ್ತ ಮಗಳಿಗೆ ಇಂಥ ಮಾತು ಬರೆಯುತ್ತಿದ್ದೇನೆ.

ನೀನು ಏನು ಬೈದರೂ ಸರಿ. ಬೈದು ಬರೆ. ಸುಮ್ಮನಿರಬೇಡ.

ಅಮ್ಮ


ಕಲ್ಯಾಣದುರ್ಗ
17 ಜನವರಿ 2025

ಅಮ್ಮ,

ಬೈಯುವುದಕ್ಕೆ ಕೂತೆ, ಆಗಲಿಲ್ಲ. ಕ್ಷಮಿಸುವುದಕ್ಕೂ ಆಗಿಲ್ಲ. ಹದಿನಾಲ್ಕು ತಿಂಗಳು ಅಮ್ಮ. ಹಂಡೆ ಬಿದ್ದ ದಿನದಿಂದ ಡಾಕ್ಟರ್ ಟ್ರೇ ಬಡಿದ ದಿನಕ್ಕೆ ಹದಿನಾಲ್ಕು ತಿಂಗಳು. ಅಡುಗೆ ಮಾಡುವಾಗ, ಆಫೀಸಿನಲ್ಲಿ ಪಿಂಚಣಿ ಅರ್ಜಿ ಟೈಪ್ ಮಾಡುವಾಗ, ಅದೇ ಲೆಕ್ಕ ತಲೆಯಲ್ಲಿ ತಿರುಗುತ್ತದೆ.

ಡಿಸೆಂಬರ್‌ನಲ್ಲಿ ಎರಡು ಕಿವಿಗೂ ಮೆಷಿನ್ ಹಾಕಿದರು. ಮೊದಲನೆಯ ದಿನ ಕಿರುಚಿ ಕಿತ್ತೆಸೆದ. ಈಗ ಬೆಳಿಗ್ಗೆಯಿಂದ ಮಲಗುವ ತನಕ ಹಾಕಿಕೊಂಡಿರುತ್ತಾನೆ. ಹಿಂದಿನಿಂದ ಕೈ ತಟ್ಟಿದರೆ ಕೆಲವು ಸಲ ತಿರುಗುತ್ತಾನೆ. ಇನ್ನೂ ಒಂದು ಮಾತೂ ಬಂದಿಲ್ಲ. ವಾರಕ್ಕೆ ಎರಡು ದಿನ ಅನಂತಪುರಕ್ಕೆ ಹೋಗುತ್ತೇವೆ. ಮನೆಯಲ್ಲಿ ಕನ್ನಡ, ತೆಲುಗು ಎರಡೂ ಬೇಡ, ಸದ್ಯಕ್ಕೆ ಒಂದೇ ಇರಲಿ ಎಂದರು. ಕನ್ನಡ ಎಂದೆ. ಬೀರಕ್ಕ ದಿನವೆಲ್ಲ ಅವನ ಕಿವಿಯ ಹತ್ತಿರ ಹೇಳುತ್ತಲೇ ಇರುತ್ತಾರೆ, "ಇದು ಲೋಟ ಕಣಪ್ಪ, ಲೋಟ. ಲೋಟ ತತ್ತೀನಿ."

ಈಗ ಹೇಳುವುದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಅಲ್ಲಿನ ಮೇಡಂ ಹೇಳಿದ್ದು. ಅವನು ಕಿವಿಯಿಂದ ಕೇಳಿಸಿಕೊಂಡು, ಬೇಕಾದ್ದನ್ನು ಬಾಯಿಂದ ಕೇಳಬೇಕು. ಕೈಯಲ್ಲಿ ಕೇಳಿದರೆ ನಾವು ಕೊಡಬಾರದು. ಸುಲಭದ ದಾರಿ ಇರುವ ತನಕ ಕಷ್ಟದ ದಾರಿಯಲ್ಲಿ ಮಗು ನಡೆಯುವುದಿಲ್ಲವಂತೆ. ನಾವು ಕೈ ಕಟ್ಟಿಕೊಂಡು ಕೂರುತ್ತೇವೆ. ಅವನು ಬೆರಳು ತೋರಿಸಿ ತೋರಿಸಿ ಕೊನೆಗೆ ನೆಲಕ್ಕೆ ಬಿದ್ದು ಅಳುತ್ತಾನೆ. ಇವರು ಎದ್ದು ಹೊರಗೆ ಹೋಗುತ್ತಾರೆ, ನೋಡಲಾಗದೆ.

ಅವನು ನಿನಗೂ ಒಂದು ಹೆಸರು ಇಟ್ಟಿದ್ದಾನೆ. ಮೂಗಿನ ಪಕ್ಕ, ಮೂಗುತಿಯ ಜಾಗದಲ್ಲಿ ಬೆರಳಿಟ್ಟು ಬಾಗಿಲ ಕಡೆ ನೋಡುತ್ತಾನೆ. ದಿನಕ್ಕೆ ಹತ್ತು ಸಲ. ನಾನು ಕಾಣದವಳಂತೆ ಇರುತ್ತೇನೆ.

ಆದ್ದರಿಂದ ನೀನು ಬರಬೇಡ. ನೀನು ಬಂದರೆ ಅವನು ನಿನ್ನ ಕೈಯನ್ನೇ ನೋಡುತ್ತಾನೆ, ನೀನೂ ಆಡಿಸದೆ ಇರಲಾರೆ. ಮೊದಲ ಮಾತು ಬರುವ ತನಕ. ಎಷ್ಟು ದಿನ ಎಂದು ನನಗೂ ಗೊತ್ತಿಲ್ಲ.

ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳು ಇಟ್ಟುಕೊಂಡಿದ್ದೇನೆ. ಬಜೆ ವಾಪಸ್ ಕಳಿಸಿದ್ದೇನೆ.

ಕಲ್ಪನಾ


ಹಿಂದೂಪುರ
24 ಮಾರ್ಚ್ 2025

ಕಲ್ಪನಾ,

ಬರಬೇಡ ಎಂದು ನೀನು ಬರೆದೆ. ಎರಡು ತಿಂಗಳು ಬರಲಿಲ್ಲ.

ಬಜೆಗಾಗಿ ಈಗಲೂ ಜನ ಬರುತ್ತಾರೆ. ಹೆಸರಿಡುವ ದಿನ ನಾಲಿಗೆಗೆ ಸವರಲು ಕೇಳಿದರೆ, ಅವರನ್ನು ನಮ್ಮ ಕಲ್ಲಿನ ಹತ್ತಿರವೇ ಕೂರಿಸಿ ತೇಯ್ದು ಕೊಡುತ್ತೇನೆ. ಬೇರು ಕೈಗೆ ಕೊಡುವುದನ್ನು ನಿಲ್ಲಿಸಿದ್ದೇನೆ. ವರ್ಷ ಕಳೆದರೂ ಮಾತಿಲ್ಲ ಎಂದು ಯಾರಾದರೂ ಬಂದರೆ ಮಗುವನ್ನು ಮಂಚದ ಮೇಲೆ ಕೂರಿಸಿ, ಹಿಂದೆ ಹೋಗಿ ತಟ್ಟೆ ಬೀಳಿಸುತ್ತೇನೆ. ಹೋದ ವಾರ ಸೋಮಂದೇಪಲ್ಲಿಯಿಂದ ಇಂದ್ರಾಣಿ ಎಂಬ ಹುಡುಗಿ ತನ್ನ ಮಗಳನ್ನು ತಂದಿದ್ದಳು. ಕೂಸು ತಿರುಗಲಿಲ್ಲ. "ಬಜೆ ಇಲ್ಲಮ್ಮ, ಅನಂತಪುರಕ್ಕೆ ಹೋಗು" ಎಂದೆ. "ವಸ ಇಯ್ಯಮಂಟೇ ದಾರಿ ಚೂಪಿಸ್ತಾವಾ" ಎಂದು ಅವಳ ಅತ್ತೆ ರೇಗಿದಳು. ಬಜೆ ಕೇಳಿದರೆ ದಾರಿ ತೋರಿಸುತ್ತೀಯಾ ಎಂದು. ರೇಗಲಿ. ನಾನು ನಿನ್ನ ಮಗನ ವಿಷಯ ಪೂರ್ತಿ ಹೇಳಿದೆ, ನನ್ನ ತಪ್ಪು ಬಿಡದೆ. ಬೀದಿಗೆಲ್ಲ ತಿಳಿಯಿತು. ನಿಮ್ಮಪ್ಪನಿಗೂ ತಿಳಿಯಿತು. ಅವರು ಒಂದು ವಾರದಿಂದ ನನಗೆ ಕೆಲಸ ಕೂಡ ಹೇಳುತ್ತಿಲ್ಲ.

ಈಗ ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ನಿನ್ನೆ ಭಾನುವಾರ ನಾನು ಕಲ್ಯಾಣದುರ್ಗಕ್ಕೆ ಬಂದಿದ್ದೆ.

ಪೆನುಕೊಂಡಕ್ಕೆ ಹೋಗಿಬರುತ್ತೇನೆಂದು ಸುಳ್ಳು ಹೇಳಿ ಬಸ್ ಹತ್ತಿದೆ. ಒಳಗೆ ಬರುವ ಮನಸ್ಸು ಇರಲಿಲ್ಲ, ದೂರದಿಂದ ನೋಡಿ ಹೋಗುವುದೆಂದು ಲೆಕ್ಕ. ನಿಮ್ಮ ಮನೆ ಎದುರಿನ ಹಿಟ್ಟಿನ ಮಿಲ್ಲಿನ ಪಕ್ಕ ನಿಂತೆ. ಅವನು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಉದ್ದವಾಗಿದ್ದಾನೆ. ಕಿವಿಯ ಹಿಂದೆ ನೀಲಿ ಮೆಷಿನ್ ಕಂಡಿತು. ನೀನು ಅವನ ಪಕ್ಕ ಕೂತು ಏನೋ ಹೇಳುತ್ತಿದ್ದೆ, ಕೈ ಎರಡೂ ಮಡಿಲಲ್ಲಿ ಕಟ್ಟಿಕೊಂಡು. ಆಮೇಲೆ ಒಲೆ ನೋಡುವುದಕ್ಕೇನೋ ಎದ್ದು ಒಳಗೆ ಹೋದೆ.

ಆಗ ಅವನು ನನ್ನನ್ನು ನೋಡಿದ.

ಮೂಗಿನ ಪಕ್ಕ ಬೆರಳಿಟ್ಟ. ನೀನು ಬರೆದಿದ್ದೆ, ಆದರೆ ಬರೆದದ್ದು ಬೇರೆ, ಕಂಡದ್ದು ಬೇರೆ. ನನ್ನ ಕೈಗಳು ತಾವಾಗಿಯೇ ಮೇಲೆದ್ದವು. ಎರಡನ್ನೂ ಸೆರಗಿನೊಳಗೆ ತುರುಕಿ, ಒಂದರಿಂದ ಒಂದನ್ನು ಹಿಡಿದುಕೊಂಡೆ. ಅವನು ಮತ್ತೆ ಬೆರಳಿಟ್ಟ. ಎದ್ದು ನಿಂತು ಮತ್ತೆ ಇಟ್ಟ. ಐದು ಬೆರಳು ಕೂಡಿಸಿ ಊಟ ಎಂದ, ಬಾ ಎಂದ, ಕಾಗೆ ಎಂದ, ನಮ್ಮಿಬ್ಬರ ಮಾತುಗಳನ್ನೆಲ್ಲ ಒಂದೊಂದಾಗಿ ತೆಗೆದು ತೋರಿಸಿದ. ನಾನು ಗುರುತಿಲ್ಲದವಳ ಹಾಗೆ ನಿಂತೇ ಇದ್ದೆ. ಅವನ ಮುಖ ಸಣ್ಣದಾಯಿತು. ಅಳುತ್ತಾನೆ ಎಂದುಕೊಂಡೆ.

ಅಳಲಿಲ್ಲ. ಎದೆ ತುಂಬ ಉಸಿರು ತೆಗೆದುಕೊಂಡು ಬಾಯಿ ತೆರೆದ. ಕತ್ತಿನ ನರ ಎದ್ದು ಕಂಡಿತು. ಅಳುವಾಗ ಅವನ ಬಾಯಿ ಹೇಗಾಗುತ್ತದೆ ಎಂದು ನನಗೆ ಗೊತ್ತು, ಇದು ಹಾಗಿರಲಿಲ್ಲ. ಎರಡು ಸಲ ತೆರೆದು ಮುಚ್ಚಿದ. ತುಟಿ ಓದುವುದು ನನಗೆ ಬರುತ್ತದೆ, ಆದರೆ ಆ ಹೊತ್ತಿಗೆ ನನ್ನ ಕಣ್ಣಿನಲ್ಲಿ ನೀರು ತುಂಬಿ ಏನೂ ಕಾಣಲಿಲ್ಲ. ಸೆರಗಿನಿಂದ ಕೈ ಹೊರಗೆ ತೆಗೆದು ಒರೆಸಿಕೊಳ್ಳಲು ಧೈರ್ಯವಾಗಲಿಲ್ಲ.

ಕಣ್ಣು ತಿಳಿಯಾಗುವ ಹೊತ್ತಿಗೆ ನೀನು ಒಳಗಿನಿಂದ ಓಡಿ ಬಂದಿದ್ದೆ. ಮೆಟ್ಟಿಲ ಮೇಲೆ ಕುಸಿದು ಕೂತು ಅವನ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. ಬೀದಿಯ ಕಡೆ ನೀನು ನೋಡಲಿಲ್ಲ. ನಾನು ಮಿಲ್ಲಿನ ಹಿಂದಿನಿಂದ ಹೋಗಿ ಬಸ್ ಹಿಡಿದೆ.

ಕಲ್ಪನಾ, ಅವನು ನನ್ನನ್ನೇ ನೋಡುತ್ತಾ ಏನೋ ಅಂದ. ನನಗೆ ಕೇಳಲಿಲ್ಲ. ಏನೆಂದ ಎಂದು ನಿಮ್ಮಪ್ಪನ ಫೋನಿಗೇ ಬರೆ, ಯಾರು ಬೇಕಾದರೂ ಓದಲಿ.

ಅಮ್ಮ